ಒಂದು ಹೆಸರಿನ ಆಕರ: ಪ್ಲೆಕ್ಸಿಪ್ಪಸ್ ಪೈಕುಲ್ಲಿ ಎಂಬ ನೆಗೆಜೇಡದ ಗುರುತು ಮತ್ತು ವರ್ಣನೆ

ಬಲೆಯನ್ನು ಕಟ್ಟಿ ಅದರ ನಡುವೆ ಕಾದು ಕುಳಿತಿರುವುದೇ ಜೇಡದ ಸ್ವಭಾವವೆಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಆದರೆ ಬೇಟೆಗಾಗಿ ಬಲೆಯನ್ನೇ ಕಟ್ಟದೆ, ಗೋಡೆಗಳ ಮೇಲೂ ಕಿಟಕಿಯ ಚೌಕಟ್ಟುಗಳಲ್ಲಿಯೂ ಹಗಲಿನಲ್ಲಿ ಸುಳಿದಾಡುತ್ತ, ನೊಣವನ್ನೋ ಸೊಳ್ಳೆಯನ್ನೋ ದೂರದಿಂದಲೇ ಕಂಡು, ಮೆಲ್ಲನೆ ಸಮೀಪಿಸಿ, ತಟಕ್ಕನೆ ಮೇಲೆರಗಿ ಹಿಡಿಯುವ ಜೇಡಗಳೂ ಉಂಟು. ಇವುಗಳ ಕುಟುಂಬಕ್ಕೆ ಪ್ರಾಣಿಶಾಸ್ತ್ರಜ್ಞರು ಸಾಲ್ಟಿಸಿಡೆ ಎಂದು ಹೆಸರಿಟ್ಟಿದ್ದಾರೆ. ಜೇಡಗಳ ಕುಟುಂಬಗಳಲ್ಲೆಲ್ಲ ಇದೇ ದೊಡ್ಡದು. ಇದುವರೆಗೆ ವರ್ಣಿತವಾಗಿರುವ ಪ್ರಭೇದಗಳು ಆರು ಸಾವಿರಕ್ಕೂ ಮಿಗಿಲಾಗಿವೆ. ಇವುಗಳಲ್ಲಿ ಬಹುಪಾಲು ಉಷ್ಣವಲಯದವು. ಈ ಲೇಖನದಲ್ಲಿ ಇವನ್ನು ನೆಗೆಜೇಡಗಳೆಂದು ಕರೆಯಲಾಗಿದೆ.

ಈ ಆರು ಸಾವಿರದಲ್ಲಿ ಒಂದೇ ಒಂದನ್ನು, ಪ್ಲೆಕ್ಸಿಪ್ಪಸ್ ಪೈಕುಲ್ಲಿ ಎಂಬುದನ್ನು, ಇಲ್ಲಿ ಆರಿಸಿಕೊಂಡಿದೆ. ಇತಿಹಾಸದ ಅಧ್ಯಾಪಕನಿಗೆ ಜೇಡದ ಗೊಡವೆಯೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳಬಹುದು. ಒಂದು ಪ್ರಾಣಿಯ ಶಾಸ್ತ್ರೀಯ ನಾಮವು ಕೇವಲ ಗುರುತಿನ ಚೀಟಿಯಲ್ಲ. ಅದು ಒಂದು ನಿರ್ದಿಷ್ಟ ಕಾಲದಲ್ಲಿ, ನಿರ್ದಿಷ್ಟ ವ್ಯಕ್ತಿಯಿಂದ, ನಿರ್ದಿಷ್ಟ ಆಕರವನ್ನು ಆಧರಿಸಿ ಹೊರಟ ದಾಖಲೆ. ನಮ್ಮ ಕಣ್ಣೆದುರಿಗಿರುವ ಜೇಡಕ್ಕೆ ಆ ಹೆಸರು ಸಲ್ಲುವುದೋ ಇಲ್ಲವೋ ಎಂದು ನಿರ್ಣಯಿಸುವ ಕಾರ್ಯವು, ಕೊನೆಗೆ, ಆಕರವಿಮರ್ಶೆಯ ಕಾರ್ಯವೇ ಆಗಿ ಪರಿಣಮಿಸುತ್ತದೆ. ಇದನ್ನು ಒಂದು ಉದಾಹರಣೆಯ ಮೂಲಕ ವಿಶದಪಡಿಸುವುದೇ ಈ ಲೇಖನದ ಉದ್ದೇಶ.

೧. ಜೇಡದ ಸ್ವರೂಪ

ಮೊದಲು ಪ್ರಾಣಿಯ ಪರಿಚಯ. ಎಲ್ಲ ಜೇಡಗಳಂತೆ ಇದರ ದೇಹವೂ ಎರಡು ಭಾಗಗಳಾಗಿದೆ: ತಲೆಯೂ ಎದೆಯೂ ಕೂಡಿಕೊಂಡಿರುವ ಶಿರೋವಕ್ಷ, ಮತ್ತು ಅದರ ಹಿಂದೆ ಸಣ್ಣ ನಡುವಿನಿಂದ ಸೇರಿಕೊಂಡಿರುವ ಉದರ. ಶಿರೋವಕ್ಷಕ್ಕೆ ನಾಲ್ಕು ಜೊತೆ ಕಾಲುಗಳು. ಮುಖದ ಇಕ್ಕೆಲಗಳಲ್ಲಿ ಕಾಲಿನಂತೆಯೇ ಕಾಣುವ, ಆದರೆ ಅದಕ್ಕಿಂತ ಚಿಕ್ಕದಾದ ಒಂದು ಜೊತೆ ಉಪಾಂಗಗಳಿವೆ; ಇವನ್ನು ಸ್ಪರ್ಶಪಾದಗಳೆನ್ನಬಹುದು. ಇವುಗಳ ವಿಷಯ ಮುಂದೆ ಮತ್ತೆ ಬರುತ್ತದೆ.

ನೆಗೆಜೇಡವನ್ನು ಇತರ ಕುಟುಂಬಗಳಿಂದ ಬೇರ್ಪಡಿಸುವ ಲಕ್ಷಣವೆಂದರೆ ಕಣ್ಣುಗಳ ಜೋಡಣೆ. ಕಣ್ಣುಗಳು ಎಂಟು. ಮುಖದ ಮುಂಭಾಗದಲ್ಲಿ ನಾಲ್ಕು ಒಂದೇ ಸಾಲಿನಲ್ಲಿವೆ. ಅವುಗಳಲ್ಲಿ ನಡುವಿನ ಎರಡು ಮಿಕ್ಕೆಲ್ಲವುಗಳಿಗಿಂತ ಬಹಳ ದೊಡ್ಡವು, ಬೇಟೆಯನ್ನು ದಿಟ್ಟಿಸುವಂಥವು. ಇವುಗಳ ಹಿಂದೆ ಎರಡು ಅತಿ ಚಿಕ್ಕ ಕಣ್ಣುಗಳು, ಅದಕ್ಕೂ ಹಿಂದೆ ಮತ್ತೆರಡು. ಈ ಜೋಡಣೆಯನ್ನು ಭೂತಗನ್ನಡಿಯಲ್ಲಿ ಒಮ್ಮೆ ನೋಡಿದವರಿಗೆ ಕುಟುಂಬವನ್ನು ಗುರುತಿಸುವುದರಲ್ಲಿ ಸಂಶಯವುಳಿಯದು.

ಪೈಕುಲ್ಲಿಯ ಗಂಡು ಹೆಣ್ಣುಗಳೆರಡೂ ನೆಗೆಜೇಡಗಳಲ್ಲಿ ದೊಡ್ಡವೆನ್ನಬಹುದಾದ ಗಾತ್ರದವು. ಕಾಲುಗಳನ್ನು ಬಿಟ್ಟು ದೇಹದ ಉದ್ದ ಸುಮಾರು ೯ರಿಂದ ೧೨ ಮಿಲಿಮೀಟರು. ಗಂಡಿನ ಶಿರೋವಕ್ಷ ಕಪ್ಪು. ಅದರ ನಡುವೆ ಒಂದು ಬಿಳಿಯ ಪಟ್ಟೆಯೂ ಎರಡು ಅಂಚುಗಳಲ್ಲಿ ಅಗಲವಾದ ಬಿಳಿಯ ಪಟ್ಟೆಗಳೂ ಇವೆ. ನಡುಪಟ್ಟೆಯು ಉದರದ ಮೇಲೂ ಮುಂದುವರಿಯುತ್ತದೆ. ಉದರದ ಹಿಂಭಾಗದಲ್ಲಿ ಎರಡು ಬಿಳಿಯ ಚುಕ್ಕೆಗಳಿವೆ. ಹೆಣ್ಣಿನಲ್ಲಿ ಈ ಕಪ್ಪು ಬಿಳುಪಿನ ಸ್ಪಷ್ಟತೆಯಿಲ್ಲ. ಅದರ ಮೈ ಬೂದುಗಂದು. ಕಣ್ಣುಗಳ ಸುತ್ತ ಬಣ್ಣ ಗಾಢವಾಗಿದೆ. ಶಿರೋವಕ್ಷದ ನಡುವಿನಿಂದ ಹೊರಟ ತಿಳಿಬಣ್ಣದ ಅಗಲವಾದ ಪಟ್ಟೆ ಉದರದ ಹಿಂಭಾಗದಲ್ಲಿ ಅಂಕುಡೊಂಕಾಗಿ ಒಡೆದುಹೋಗಿರುತ್ತದೆ. ಗಂಡನ್ನೂ ಹೆಣ್ಣನ್ನೂ ಪಕ್ಕಪಕ್ಕದಲ್ಲಿಟ್ಟರೆ ಇವು ಒಂದೇ ಪ್ರಭೇದದವೆಂದು ಅರಿಯದವರು ಒಪ್ಪುವುದು ಕಷ್ಟ. ವರ್ಣನೆಗಳ ಇತಿಹಾಸದಲ್ಲಿ ಎಷ್ಟೋ ತೊಡಕುಗಳು ಹುಟ್ಟಿರುವುದು ಇಲ್ಲಿಂದಲೇ.

ಈ ಜೇಡವು ಇಂದು ಆಫ್ರಿಕ, ಏಷ್ಯ, ಅಮೆರಿಕ, ಆಸ್ಟ್ರೇಲಿಯ ಮತ್ತು ಶಾಂತಸಾಗರದ ದ್ವೀಪಗಳ ಬೆಚ್ಚನೆಯ ಭಾಗಗಳಲ್ಲೆಲ್ಲ ಕಂಡುಬರುತ್ತದೆ. ಭಾರತದ ಮನೆಗಳಲ್ಲಿಯೂ ಉಂಟು. ಇದರ ಮೂಲಸ್ಥಾನ ಆಫ್ರಿಕವೆಂದೂ, ಮಿಕ್ಕ ಕಡೆಗಳಿಗೆ ಮನುಷ್ಯನ ಸಂಚಾರದೊಡನೆ ಬಂದಿತೆಂದೂ ಪರಿಗಣಿಸಲಾಗಿದೆ. ಮನೆಯ ಗೋಡೆಗೆ ಒಗ್ಗಿಕೊಂಡ ಪ್ರಾಣಿಗೆ ಸರಕಿನ ಪೆಟ್ಟಿಗೆಯೂ ಹಡಗಿನ ಹಲಗೆಯೂ ಮನೆಯೇ.

೨. ಈಜಿಪ್ಟಿನ ಚಿತ್ರಪಟ

೧೭೯೮ರ ಮೇ ತಿಂಗಳಲ್ಲಿ ಬೊನಪಾರ್ಟೆಯ ಸೈನ್ಯವು ತುಲೋನ್ ಬಂದರಿನಿಂದ ಈಜಿಪ್ಟಿಗೆ ಹೊರಟಾಗ ಅದರೊಡನೆ ನೂರೈವತ್ತಕ್ಕೂ ಹೆಚ್ಚು ಮಂದಿ ವಿದ್ವಾಂಸರೂ ತಂತ್ರಜ್ಞರೂ ಇದ್ದರೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದ ವಿಷಯವೇ. ಅವರಲ್ಲಿ ಒಬ್ಬನು ಇಪ್ಪತ್ತೊಂದು ವರ್ಷದ ಸಾವಿಗ್ನಿ. ಬೆನ್ನೆಲುಬುಳ್ಳ ಪ್ರಾಣಿಗಳ ಅಧ್ಯಯನ ಜೊಫ್ರುವಾ ಸೇಂತ್‌-ಇಲೇರ್‌ನ ಪಾಲಿಗೆ ಬಂದಿತು. ಬೆನ್ನೆಲುಬಿಲ್ಲದ ಪ್ರಾಣಿಗಳನ್ನು ಸಾವಿಗ್ನಿ ವಹಿಸಿಕೊಂಡನು. ಈಜಿಪ್ಟ್ ಮತ್ತು ಸಿರಿಯದ ಕೀಟಗಳು, ಏಡಿಗಳು, ಹುಳುಗಳು, ಜೇಡಗಳು ಅವನ ಸಂಗ್ರಹದಲ್ಲಿ ಸೇರಿದುವು.

೧೮೦೧ರಲ್ಲಿ ಫ್ರೆಂಚ್ ಸೈನ್ಯವು ಬ್ರಿಟಿಷರಿಗೆ ಶರಣಾದಾಗ ವಿದ್ವಾಂಸರ ಸಂಗ್ರಹಗಳನ್ನೂ ಒಪ್ಪಿಸಬೇಕೆಂಬ ಷರತ್ತು ಬಂದಿತು. ಜೊಫ್ರುವಾ, ಸಾವಿಗ್ನಿ ಮೊದಲಾದವರು ಇದನ್ನು ಉಗ್ರವಾಗಿ ಪ್ರತಿಭಟಿಸಿದರು. ಅದರ ಫಲವಾಗಿ ರೊಸೆಟ್ಟ ಶಿಲೆಯು ಬ್ರಿಟಿಷರ ವಶವಾಯಿತಾದರೂ ಪ್ರಾಣಿಸಂಗ್ರಹಗಳು ಫ್ರೆಂಚ್ ವಿದ್ವಾಂಸರಲ್ಲಿಯೇ ಉಳಿದುವು. ಶಿಲೆಯ ಕಥೆಯನ್ನು ನಮ್ಮ ಪಠ್ಯಪುಸ್ತಕಗಳು ಹೇಳುತ್ತವೆ; ಪ್ರಾಣಿಗಳ ಕಥೆ ಅಷ್ಟು ಪ್ರಚಾರಕ್ಕೆ ಬಂದಿಲ್ಲ.

ಸಾವಿಗ್ನಿಯು ಸ್ವದೇಶಕ್ಕೆ ಮರಳಿದ ಮೇಲೆ ತನ್ನ ಸಂಗ್ರಹದ ಚಿತ್ರಗಳನ್ನು ಸಿದ್ಧಪಡಿಸುವುದರಲ್ಲಿ ವರ್ಷಗಟ್ಟಲೆ ತೊಡಗಿದನು. 'ದೆಸ್ಕ್ರಿಪ್ಸಿಯೋಂ ದ ಲೆಜಿಪ್ಟ್' ಎಂಬ ಬೃಹದ್ಗ್ರಂಥಕ್ಕಾಗಿ ತಯಾರಾದ ಈ ಚಿತ್ರಪಟಗಳು ಅಸಾಧಾರಣ ಸೂಕ್ಷ್ಮತೆಯುಳ್ಳವು. ಇಡೀ ಪ್ರಾಣಿಯನ್ನು ಚಿತ್ರಿಸುವುದಷ್ಟೇ ಅಲ್ಲದೆ ಅಂಗಗಳನ್ನು ಬಿಡಿಬಿಡಿಯಾಗಿ ಹಿಗ್ಗಿಸಿ ತೋರಿಸುವ ಕ್ರಮ ಆತನದು. ಆದರೆ ಸತತವಾಗಿ ಸೂಕ್ಷ್ಮ ವಸ್ತುಗಳನ್ನು ನೋಡುತ್ತಿದ್ದ ಅವನ ಕಣ್ಣುಗಳು ೧೮೧೭ರ ಸುಮಾರಿನಲ್ಲಿ ರೋಗಕ್ಕೆ ತುತ್ತಾದುವು. ೧೮೨೪ರಿಂದ ಮುಂದೆ ಬೆಳಕನ್ನು ಸಹಿಸಲೂ ಆಗದ ಸ್ಥಿತಿ ಒದಗಿತು. ೧೮೫೧ರಲ್ಲಿ ತೀರಿಕೊಳ್ಳುವವರೆಗೂ ಆತ ಸಂಶೋಧನೆಗೆ ಮರಳಲಾಗಲಿಲ್ಲ. ಚಿತ್ರಪಟಗಳು ಸಿದ್ಧವಾಗಿದ್ದುವು, ಅವುಗಳ ವಿವರಣೆ ಮಾತ್ರ ಇರಲಿಲ್ಲ.

ಆ ವಿವರಣೆಯನ್ನು ಬರೆಯುವ ಹೊಣೆ ವಿಕ್ಟರ್ ಓದುಆಂ ಎಂಬ ತರುಣ ಪ್ರಾಣಿಶಾಸ್ತ್ರಜ್ಞನ ಮೇಲೆ ಬಿದ್ದಿತು. ಜೇಡಗಳ ಭಾಗಕ್ಕೆ ೧೮೨೬ನೆಯ ವರ್ಷವನ್ನು ಇಂದಿನ ಸೂಚಿಗಳು ಅಂಗೀಕರಿಸಿವೆ. ಓದುಆಂ ಮುಖ್ಯವಾಗಿ ಚಿತ್ರಗಳನ್ನೇ ನೋಡಿ ಸಂಕ್ಷಿಪ್ತ ವಿವರಣೆಗಳನ್ನು ಬರೆದನು. ಹೆಸರಿಲ್ಲದ ಪ್ರಭೇದಗಳಿಗೆ ಹೆಸರಿಟ್ಟನು. ಹಲವು ಜೇಡಗಳಿಗೆ ಹಿಂದಿನ ಪ್ರಕೃತಿಶಾಸ್ತ್ರಜ್ಞರ ಹೆಸರುಗಳನ್ನು ಗೌರವಾರ್ಥವಾಗಿ ಕೊಟ್ಟನು. ಸ್ವೀಡನ್ನಿನ ಪೈಕುಲ್‌ನ ಹೆಸರಿನಿಂದ ಒಂದು ನೆಗೆಜೇಡವು 'ಆಟಸ್ ಪೈಕುಲ್ಲಿಐ' ಆಯಿತು. ಸೆನೆಗಾಲಿನ ಸಸ್ಯಗಳನ್ನು ಅಭ್ಯಸಿಸಿದ್ದ ಆದಾನ್ಸನ್‌ನ ಹೆಸರಿನಿಂದ ಮತ್ತೊಂದಾಯಿತು. ಇಂದು ಹಸಾರಿಯಸ್ ಆದಾನ್ಸೋನಿ ಎನಿಸಿಕೊಳ್ಳುವ ಈ ಎರಡನೆಯದೂ ಮನೆಗಳಲ್ಲಿ ವಾಸಿಸುವಂಥದೇ, ಇದೂ ಉಷ್ಣವಲಯದಲ್ಲೆಲ್ಲ ಹರಡಿದೆ.

ಹೀಗೆ ನಮ್ಮ ಜೇಡದ ಹೆಸರಿನ ಹಿಂದೆ ಇಬ್ಬರು ಸಾಕ್ಷಿಗಳಿದ್ದಾರೆ. ಪ್ರಾಣಿಯನ್ನು ಕಂಡು ಚಿತ್ರಿಸಿದವನು ಬರೆಯಲಿಲ್ಲ. ಬರೆದವನು ಮುಖ್ಯವಾಗಿ ಚಿತ್ರವನ್ನೇ ನೆಚ್ಚಿದನು. ನಮ್ಮಲ್ಲಿ ಕಲ್ಲು ಕಣ್ಮರೆಯಾಗಿ ಶಾಸನದ ಪಡಿಯಚ್ಚು ಮಾತ್ರ ಉಳಿದಿರುವ ಸಂದರ್ಭಗಳನ್ನು ಬಲ್ಲವರಿಗೆ ಈ ಸ್ಥಿತಿ ಅಪರಿಚಿತವಲ್ಲ. ಪಡಿಯಚ್ಚಿನಿಂದ ಪಾಠವನ್ನು ಓದಬಹುದು. ಆದರೆ ಕಲ್ಲಿನಲ್ಲಿದ್ದ ಗೀರು ಅಕ್ಷರದ ಭಾಗವೋ ಕಾಲದ ಹೊಡೆತವೋ ಎಂದು ಕೇಳಿದರೆ ಅದು ಉತ್ತರಿಸಲಾರದು.

೩. ಒಂದು ಪ್ರಾಣಿ, ಹಲವು ಹೆಸರು

ಹೊಸ ಪ್ರದೇಶಗಳಿಂದ ಸಂಗ್ರಹಗಳು ಯೂರೋಪಿಗೆ ಬರುತ್ತಿದ್ದ ಹತ್ತೊಂಬತ್ತನೆಯ ಶತಮಾನದಲ್ಲಿ ಒಂದೇ ಜೇಡವು ಬೇರೆಬೇರೆ ಕೈಗಳಿಗೆ ಸಿಕ್ಕಿ ಬೇರೆಬೇರೆ ಹೆಸರುಗಳನ್ನು ಪಡೆದುದು ಆಶ್ಚರ್ಯವಲ್ಲ. ಆಲ್ಜೀರಿಯದ ಪ್ರಾಣಿಗಳನ್ನು ವರ್ಣಿಸಿದ ಲ್ಯೂಕಾ ಎಂಬಾತ ೧೮೪೬ರಲ್ಲಿ ಇದನ್ನೇ 'ಸಾಲ್ಟಿಕಸ್ ವೈಲಾಂಟಿಐ' ಎಂಬ ಹೊಸ ಪ್ರಭೇದವೆಂದು ಪ್ರಕಟಿಸಿದನು. ಅದೇ ವರ್ಷ ಜರ್ಮನಿಯ ಸಿ. ಎಲ್. ಕೋಖ್ ಪ್ಲೆಕ್ಸಿಪ್ಪಸ್ ಎಂಬ ಜಾತಿಯನ್ನು ಸ್ಥಾಪಿಸಿದನು. ಪ್ರಾಣಿಶಾಸ್ತ್ರದಲ್ಲಿ ಜಾತಿಯೆಂದರೆ ಹತ್ತಿರದ ಸಂಬಂಧವುಳ್ಳ ಪ್ರಭೇದಗಳ ಗುಂಪು ಎಂಬುದನ್ನು ಇಲ್ಲಿ ನೆನಪಿಡಬೇಕು. ಪೈಕುಲ್ಲಿಯು ಆಟಸ್ ಜಾತಿಯನ್ನು ಬಿಟ್ಟು ಕೊನೆಗೆ ಪ್ಲೆಕ್ಸಿಪ್ಪಸ್‌ನಲ್ಲಿ ನೆಲೆಗೊಂಡಿತು.

ಇಷ್ಟು ಹೆಸರುಗಳಲ್ಲಿ ಯಾವುದು ಸಿಂಧು? ಇದಕ್ಕೆ ಉತ್ತರ ಕೊಡುವುದು ಪೂರ್ವತೆಯ ನಿಯಮ: ಒಂದೇ ಪ್ರಭೇದಕ್ಕೆ ಹಲವು ಹೆಸರುಗಳಿದ್ದಲ್ಲಿ, ಸಾಮಾನ್ಯವಾಗಿ, ಮೊದಲು ವಿಧಿಬದ್ಧವಾಗಿ ಪ್ರಕಟವಾದುದೇ ನಿಲ್ಲುತ್ತದೆ, ಉಳಿದವು ಅದರ ಪರ್ಯಾಯನಾಮಗಳಾಗಿ ಸೂಚಿಯನ್ನು ಸೇರುತ್ತವೆ. ಪ್ರಾಣಿನಾಮಗಳ ಲೆಕ್ಕ ೧೭೫೮ರಿಂದ ಆರಂಭವಾಗುತ್ತದೆ. ಜೇಡಗಳ ವಿಷಯದಲ್ಲಿ ಒಂದು ಸ್ವಾರಸ್ಯವಾದ ವಿಶೇಷವುಂಟು. ಸ್ವೀಡನ್ನಿನ ಕ್ಲೆರ್ಕ್ ಎಂಬುವನ ಜೇಡಗಳ ಗ್ರಂಥವು ೧೭೫೭ರಲ್ಲಿಯೇ ಅಚ್ಚಾಗಿತ್ತು. ಅದನ್ನು ಕೈಬಿಡಬಾರದೆಂದು, ಅದೂ ೧೭೫೮ರ ಜನವರಿ ೧ರಂದು ಪ್ರಕಟವಾಯಿತೆಂದು ಭಾವಿಸತಕ್ಕದ್ದೆಂದೂ, ಲಿನೇಯಸ್‌ನ ಗ್ರಂಥಕ್ಕಿಂತ ಅದಕ್ಕೇ ಪ್ರಾಶಸ್ತ್ಯವೆಂದೂ ಅಂತರರಾಷ್ಟ್ರೀಯ ನಿಯಮಾವಳಿಯು ವಿಧಿಸಿದೆ.

ನಾಮವನ್ನು ಬರೆಯುವ ಕ್ರಮದಲ್ಲಿಯೇ ಈ ಇತಿಹಾಸದ ಗುರುತು ಉಳಿದಿದೆ. ನಮ್ಮ ಜೇಡದ ಪೂರ್ಣನಾಮ ಹೀಗಿದೆ: ಪ್ಲೆಕ್ಸಿಪ್ಪಸ್ ಪೈಕುಲ್ಲಿ (ಓದುಆಂ, ೧೮೨೬). ಇಲ್ಲಿನ ಕಂಸಗಳು ಅಲಂಕಾರಕ್ಕಾಗಿ ಬಂದವಲ್ಲ. ಹೆಸರಿಟ್ಟವನು ಇದನ್ನು ಬೇರೊಂದು ಜಾತಿಯಲ್ಲಿ ಇರಿಸಿದ್ದನು, ಆಮೇಲೆ ಸ್ಥಳಾಂತರವಾಯಿತು ಎಂಬುದನ್ನು ಅವು ಸೂಚಿಸುತ್ತವೆ. ಓದುಆಂ ಬರೆದ 'ಪೈಕುಲ್ಲಿಐ' ಎಂಬುದರ ಕೊನೆಯಲ್ಲಿದ್ದ ಎರಡು 'ಐ' ಅಕ್ಷರಗಳಲ್ಲಿ ಒಂದು ಕಾಲಕ್ರಮದಲ್ಲಿ ಬಿದ್ದುಹೋಗಿ 'ಪೈಕುಲ್ಲಿ' ಎಂಬ ರೂಪ ರೂಢಿಗೆ ಬಂದಿದೆ. ಹಸ್ತಪ್ರತಿಗಳ ಪಾಠಾಂತರಗಳನ್ನು ಶೋಧಿಸುವವರು ಇದನ್ನು ಕಂಡು ಮುಗುಳ್ನಗಬಹುದು.

೪. ಗುರುತಿಸುವ ಕ್ರಮ

ಗೋಡೆಯ ಮೇಲೆ ಕಪ್ಪು ಬಿಳುಪಿನ ಪಟ್ಟೆಗಳುಳ್ಳ ನೆಗೆಜೇಡವನ್ನು ಕಂಡೊಡನೆ ಪೈಕುಲ್ಲಿಯೆಂದು ಬರೆದುಕೊಳ್ಳಬಹುದೇ? ಬರೆದುಕೊಳ್ಳಲಾಗದು. ಇದೇ ಜಾತಿಯ ಪ್ಲೆಕ್ಸಿಪ್ಪಸ್ ಪೀಟರ್ಸಿ ಎಂಬ ಪ್ರಭೇದವನ್ನು ಕಾರ್ಷ್ ಎಂಬ ಜರ್ಮನ್ ಶಾಸ್ತ್ರಜ್ಞನು ೧೮೭೮ರಲ್ಲಿ ವರ್ಣಿಸಿದನು. ಅದೂ ಆಫ್ರಿಕದಿಂದ ಪೂರ್ವ ಏಷ್ಯದವರೆಗೆ ಹರಡಿದೆ, ಅದರ ಮೈಮೇಲೂ ಪಟ್ಟೆಗಳಿವೆ. ಮರಿಗಳಲ್ಲಿ ಪಟ್ಟೆಗಳು ಪೂರ್ಣವಾಗಿ ಮೂಡಿರುವುದಿಲ್ಲ. ಸುರಾಸಾರದಲ್ಲಿ ಬಹುಕಾಲ ಇಟ್ಟ ಮಾದರಿಯ ಬಣ್ಣ ಮಾಸಿಹೋಗುತ್ತದೆ. ಆದಕಾರಣ ಬಣ್ಣವು ದಾರಿಯನ್ನು ತೋರಿಸಬಲ್ಲುದೇ ಹೊರತು ತೀರ್ಪನ್ನು ಕೊಡಲಾರದು.

ತೀರ್ಪು ಕೊಡುವ ಸಾಕ್ಷ್ಯವು ಜನನಾಂಗಗಳ ರಚನೆಯಲ್ಲಿದೆ. ಪ್ರೌಢ ಗಂಡುಜೇಡದ ಸ್ಪರ್ಶಪಾದದ ತುದಿಯು ಗದೆಯಂತೆ ಉಬ್ಬಿರುತ್ತದೆ. ರೇತಸ್ಸನ್ನು ಹೆಣ್ಣಿಗೆ ಸಾಗಿಸುವ ಉಪಕರಣವೇ ಇದು. ಇದರಲ್ಲಿ ಒಂದು ಗುಂಡಾದ ಕೋಶ, ಅದರಿಂದ ಹೊರಟ ಸೂಜಿಯಂಥ ನಳಿಕೆ, ಪಕ್ಕದ ಗೆಣ್ಣಿನಲ್ಲಿ ಒಂದು ಮುಳ್ಳು ಇರುತ್ತವೆ. ನಳಿಕೆಯ ಉದ್ದ, ಬಾಗು, ಅದು ಹೊರಡುವ ಸ್ಥಾನ, ಮುಳ್ಳಿನ ಆಕಾರ ಇವು ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಪ್ರೌಢ ಹೆಣ್ಣಿನಲ್ಲಿ ಉದರದ ಕೆಳಗೆ ಎಪಿಜೈನ್ ಎಂಬ ಗಟ್ಟಿಯಾದ ಫಲಕವಿರುತ್ತದೆ. ಅದರ ರಂಧ್ರಗಳೂ ಒಳಗಿನ ನಾಳಗಳೂ ಹಾಗೆಯೇ ವಿಶಿಷ್ಟವಾದುವು. ಈ ಫಲಕವನ್ನು ಬಿಡಿಸಿ, ಕ್ಷಾರದ್ರಾವಣದಲ್ಲಿ ಮೃದು ಅಂಶಗಳನ್ನು ಕರಗಿಸಿ, ಸೂಕ್ಷ್ಮದರ್ಶಕದಲ್ಲಿ ಎರಡು ಮಗ್ಗುಲುಗಳಿಂದಲೂ ನೋಡಿ ಚಿತ್ರಿಸಬೇಕು. ಮರಿಯಲ್ಲಿ ಈ ಅಂಗಗಳು ಬೆಳೆದಿರುವುದಿಲ್ಲವಾದ್ದರಿಂದ ಮರಿಯೊಂದನ್ನೇ ಆಧರಿಸಿ ಪ್ರಭೇದವನ್ನು ನಿರ್ಣಯಿಸುವುದು ಬಹುಮಟ್ಟಿಗೆ ಅಸಾಧ್ಯ.

ಇತ್ತೀಚೆಗೆ ಒಳ್ಳೆಯ ಛಾಯಾಚಿತ್ರಗಳು ಹೇರಳವಾಗಿ ದೊರೆಯುತ್ತಿವೆ. ಜೀವಂತ ಜೇಡದ ಬಣ್ಣ, ನಿಲುವು, ನಡೆ ಇವುಗಳಿಗೆ ಅವು ಬೆಲೆಯುಳ್ಳ ಸಾಕ್ಷ್ಯ. ಆದರೆ ಮೇಲಿನಿಂದ ತೆಗೆದ ಚಿತ್ರದಲ್ಲಿ ಎಪಿಜೈನ್ ಕಾಣದು.

ಮಾದರಿಯಷ್ಟೇ ಮುಖ್ಯವಾದುದು ಅದರ ಚೀಟಿ. ಎಲ್ಲಿ, ಎಂದು, ಯಾರು, ಯಾವ ಬಗೆಯ ನೆಲೆಯಲ್ಲಿ ಹಿಡಿದರು ಎಂಬ ನಾಲ್ಕು ವಿಷಯಗಳು ಅದರಲ್ಲಿರಬೇಕು. ಹಳೆಯ ಸಂಗ್ರಹಗಳಲ್ಲಿ ದೇಶದ ಹೆಸರೊಂದನ್ನೇ ಬರೆದು ಬಿಟ್ಟ ಚೀಟಿಗಳುಂಟು. ಅಂಥ ಮಾದರಿಯು ಅಂಗರಚನೆಯನ್ನು ತಿಳಿಸುತ್ತದೆ. ಪ್ರಸಾರದ ಇತಿಹಾಸಕ್ಕೆ ಮಾತ್ರ ಮೂಕಸಾಕ್ಷಿ. ತೇದಿಯೂ ಸ್ಥಳವೂ ಅಳಿಸಿಹೋದ ನಾಣ್ಯಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

೫. ಹೊಸ ಪ್ರಭೇದವನ್ನು ವರ್ಣಿಸುವುದು

ಪರೀಕ್ಷೆಯ ಕೊನೆಯಲ್ಲಿ ಜೇಡವು ಯಾವ ವರ್ಣನೆಗೂ ಹೊಂದದಿದ್ದರೆ ಅದು ಹೊಸದಾಗಿರಬಹುದು. ಆಗ ವರ್ಣನಕಾರನ ಹೊಣೆ ಇಮ್ಮಡಿಯಾಗುತ್ತದೆ. ಅದೇ ಜಾತಿಯ ಹಿಂದಿನ ಎಲ್ಲ ವರ್ಣನೆಗಳನ್ನೂ, ಅವು ಲ್ಯಾಟಿನ್, ಫ್ರೆಂಚ್, ಜರ್ಮನ್ ಯಾವ ಭಾಷೆಯಲ್ಲೇ ಇರಲಿ, ನೋಡಲೇಬೇಕು. ವರ್ಣನೆ ಅಸ್ಪಷ್ಟವಾಗಿದ್ದರೆ ಮೂಲಮಾದರಿಯನ್ನೇ ತರಿಸಿ ಅಥವಾ ಇದ್ದಲ್ಲಿಗೆ ಹೋಗಿ ಪರೀಕ್ಷಿಸಬೇಕು. ಮೂಲಮಾದರಿಯೆಂದರೆ ಹೆಸರನ್ನು ಶಾಶ್ವತವಾಗಿ ಹೊತ್ತಿರುವ ಮಾದರಿ. ಪ್ರಭೇದದ ವ್ಯಾಪ್ತಿಯ ಬಗ್ಗೆ ಅಭಿಪ್ರಾಯಗಳು ಬದಲಾಗಬಹುದು. ಹೆಸರು ಮಾತ್ರ ಆ ಒಂದು ಮಾದರಿಯನ್ನು ಬಿಟ್ಟು ಕದಲುವುದಿಲ್ಲ. ೧೯೯೯ರ ಅನಂತರ ಪ್ರಕಟವಾಗುವ ಹೊಸ ಪ್ರಭೇದಗಳಿಗೆ ಇಂಥ ಮೂಲಮಾದರಿಯನ್ನು ಸ್ಪಷ್ಟವಾಗಿ ಗೊತ್ತುಪಡಿಸಬೇಕೆಂದೂ, ಅದು ಯಾವ ಸಂಗ್ರಹದಲ್ಲಿದೆಯೆಂಬುದನ್ನು ಹೇಳಬೇಕೆಂದೂ ನಿಯಮಾವಳಿಯು ಕಡ್ಡಾಯಗೊಳಿಸಿದೆ.

ಚಿತ್ರವನ್ನು ಆಧರಿಸಿದ ಪೈಕುಲ್ಲಿಯಂಥ ಹಳೆಯ ಹೆಸರುಗಳ ಗತಿಯೇನು? ಇದಕ್ಕೆ ನಿಯಮಾವಳಿ ಕೊಟ್ಟಿರುವ ಉತ್ತರ ಇತಿಹಾಸಕಾರರೂ ಮೆಚ್ಚತಕ್ಕದ್ದು. ಚಿತ್ರವೇ ಮೂಲಮಾದರಿಯಲ್ಲ, ಚಿತ್ರದಲ್ಲಿ ಕಾಣುವ ಆ ಪ್ರಾಣಿಯೇ ಮೂಲಮಾದರಿ, ಅದು ಇಂದು ಉಳಿದಿರಲಿ ಅಳಿದಿರಲಿ. ಪ್ರತಿಯನ್ನೇ ಮೂಲವೆಂದು ಭ್ರಮಿಸಬಾರದೆಂಬ ನಮ್ಮ ಶಾಸ್ತ್ರದ ಮೊದಲ ಪಾಠವೇ ಇದು. ಮೂಲಮಾದರಿ ನಷ್ಟವಾಗಿ, ಹೆಸರಿನ ಅರ್ಥದಲ್ಲಿ ನಿಜವಾದ ಗೊಂದಲವಿದ್ದಾಗ, ಕಟ್ಟುನಿಟ್ಟಾದ ಷರತ್ತುಗಳಿಗೆ ಒಳಪಟ್ಟು, ಹೊಸದೊಂದು ಮಾದರಿಯನ್ನು ಅದರ ಸ್ಥಾನದಲ್ಲಿ ನಿಲ್ಲಿಸಲು ಅವಕಾಶವುಂಟು.

ವರ್ಣನೆಯು ಜ್ಞಾನದ ಮುಕ್ತಾಯವಲ್ಲವೆಂಬುದಕ್ಕೂ ನೆಗೆಜೇಡಗಳಲ್ಲಿಯೇ ನಿದರ್ಶನವಿದೆ. ಅಮೆರಿಕದ ಮಿಲ್ವಾಕಿ ನಗರದಲ್ಲಿ ಶಾಲಾಶಿಕ್ಷಕನಾಗಿದ್ದ ಜಾರ್ಜ್ ಪೆಕ್‌ಹ್ಯಾಂ, ಅವನ ಪತ್ನಿ ಎಲಿಜಬೆತ್ ಇಬ್ಬರೂ ಸೇರಿ ೧೮೯೬ರಲ್ಲಿ ಮಧ್ಯ ಅಮೆರಿಕದ ಒಂದು ನೆಗೆಜೇಡವನ್ನು ವರ್ಣಿಸಿ, ಕಿಪ್ಲಿಂಗ್‌ನ ಕಥೆಗಳ ಕರಿಚಿರತೆಯನ್ನು ನೆನೆದು, 'ಬಘೀರ ಕಿಪ್ಲಿಂಗಿ' ಎಂದು ಹೆಸರಿಟ್ಟರು. ಚಿರತೆಯ ಹೆಸರಿನ ಈ ಜೇಡವು ಮುಖ್ಯವಾಗಿ ಜಾಲಿಯ ಜಾತಿಯ ಗಿಡಗಳ ಎಲೆತುದಿಯ ಪುಟ್ಟ ಪೌಷ್ಟಿಕ ಕಣಗಳನ್ನು ತಿಂದು ಬದುಕುವ ಸಸ್ಯಾಹಾರಿಯೆಂಬುದು ೨೦೦೯ರಲ್ಲಿ ಪ್ರಕಟವಾಯಿತು. ನೂರಹದಿಮೂರು ವರ್ಷಗಳ ಆಚೆಗಿನ ಈ ಎರಡು ಲೇಖನಗಳು ಒಂದೇ ಪ್ರಾಣಿಯ ವಿಷಯವೆಂದು ನಮಗೆ ತಿಳಿಯುವುದು ಹೆಸರು ಸ್ಥಿರವಾಗಿ ನಿಂತಿದ್ದುದರಿಂದ.

ಇಂದು ಜೇಡಗಳ ನಾಮಗಳನ್ನೆಲ್ಲ ಕ್ರೋಡೀಕರಿಸುವ ವಿಶ್ವಸೂಚಿಯು ಸ್ವಿಟ್ಸರ್ಲೆಂಡಿನ ಬರ್ನ್ ನಗರದ ಪ್ರಕೃತಿವಿಜ್ಞಾನ ವಸ್ತುಸಂಗ್ರಹಾಲಯದ ಆಶ್ರಯದಲ್ಲಿದೆ. ೨೦೨೨ರ ಏಪ್ರಿಲಿನಲ್ಲಿ ಐವತ್ತು ಸಾವಿರದ ಪ್ರಭೇದವೆಂದು ಅದರಲ್ಲಿ ದಾಖಲಾದುದು ದಕ್ಷಿಣ ಅಮೆರಿಕದ 'ಗುರಿಯುರಿಯಸ್ ಮಿನುವಾನೊ'. ಅದೂ ಒಂದು ನೆಗೆಜೇಡವೇ.

೬. ಉಪಸಂಹಾರ

ಗುರುತು ತಪ್ಪಿದರೆ ಆಗುವ ಹಾನಿಯೇನೆಂಬುದನ್ನು ಕೊನೆಯಲ್ಲಿ ಪರಿಶೀಲಿಸಬಹುದು. ಒಂದು ಊರಿನ ಪ್ರಾಣಿಗಳ ಪಟ್ಟಿಯಲ್ಲಿ ಪಟ್ಟೆಯುಳ್ಳ ಜೇಡಗಳನ್ನೆಲ್ಲ ಪೈಕುಲ್ಲಿಯೆಂದು ಬರೆದರೆ, ಆ ಊರಿಗೇ ವಿಶಿಷ್ಟವಾದ, ಬೇರೆಲ್ಲಿಯೂ ಇಲ್ಲದ ಪ್ರಭೇದವೊಂದು ಜಗದ್ವ್ಯಾಪಿಯಾದ ಹೆಸರಿನ ಕೆಳಗೆ ಅಡಗಿಹೋಗಬಹುದು. ಅದು ನೆಲೆಗೆಟ್ಟು ನಾಶವಾದರೂ ಪಟ್ಟಿಯಲ್ಲಿ ಏನೂ ಕಡಮೆಯಾದಂತೆ ತೋರದು. ಆಫ್ರಿಕದಿಂದ ಹಡಗಿನೊಡನೆ ಬಂದುದಕ್ಕೂ ಇಲ್ಲಿಯೇ ಹುಟ್ಟಿ ಬೆಳೆದುದಕ್ಕೂ ಭೇದ ತಿಳಿಯದೆ ಹೋಗುತ್ತದೆ. ವಾಣಿಜ್ಯದ ಇತಿಹಾಸಕ್ಕೆ ಒದಗಬಹುದಾಗಿದ್ದ ಒಂದು ಸಾಕ್ಷ್ಯವೂ ಕೈತಪ್ಪುತ್ತದೆ. ತಪ್ಪು ಹೆಸರಿನ ಕೆಳಗೆ ಬರೆದ ಆಹಾರ, ಸಂತಾನ, ಉಪಯೋಗಗಳ ವಿಷಯವೆಲ್ಲವೂ ತಪ್ಪು ವಿಳಾಸಕ್ಕೆ ಹೋದ ಪತ್ರದಂತಾಗುತ್ತದೆ.

ನಮ್ಮ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಲ್ಲಿ ತಲೆಮಾರುಗಳಿಂದ ಸಂಗ್ರಹವಾದ ಸೀಸೆಗಳುಂಟು. ಅವುಗಳ ಚೀಟಿಗಳನ್ನು ಓದಿ, ನಕಲು ಮಾಡಿ, ಸಂಗ್ರಾಹಕರ ವರ್ಷಗಳನ್ನು ಕಾಲೇಜಿನ ದಾಖಲೆಗಳೊಡನೆ ತಾಳೆನೋಡುವ ಕೆಲಸವನ್ನು ಇತಿಹಾಸದ ವಿದ್ಯಾರ್ಥಿಗಳೂ ಕೈಗೊಳ್ಳಬಹುದು. ಅಂಗಗಳನ್ನು ಪರೀಕ್ಷಿಸುವ ಕೆಲಸ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳದಾಗಲಿ. ಮಸಿ ಮಾಸಿಹೋಗುವ ಮುನ್ನ ಎರಡು ವಿಭಾಗಗಳೂ ಕೂಡಿ ಈ ಕಾರ್ಯವನ್ನು ಆರಂಭಿಸುವುದು ಉಚಿತ.